ಸುಮ್ಮನಿರಿಸುವುದೂ ಒಂದು ಕೆಲಸ

(ಸಾರ್ವಜನಿಕರಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ತೆರೆಯ ಮೇಲೆ ತೋರಿಸಿದ ಚಿತ್ರಗಳ ಜಾಗದಲ್ಲಿ ಒಂದೆರಡು ವಾಕ್ಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಗಾಬರಿಯಾಗಬೇಡಿ. ಇಲ್ಲಿ ಕೂತಿರುವ ನಮ್ಮೆಲ್ಲರ ರಕ್ತದಲ್ಲೂ ನಮ್ಮನ್ನೇ ಹಾಳು ಮಾಡಬಲ್ಲ ಕೋಶಗಳು ಈ ಹೊತ್ತಿನಲ್ಲಿ ಓಡಾಡುತ್ತಿವೆ. ಕೆಲವಕ್ಕೆ ನಮ್ಮ ನರಗಳ ಮೇಲಿನ ಹೊದಿಕೆಯ ಗುರುತು ಸಿಗುತ್ತದೆ. ಇನ್ನು ಕೆಲವಕ್ಕೆ ಇನ್ಸುಲಿನ್ ತಯಾರಿಸುವ ಕೋಶಗಳ ಗುರುತು ಸಿಗುತ್ತದೆ. ಕಾಯಿಲೆ ಇರುವವರಲ್ಲಿ ಮಾತ್ರ ಅಲ್ಲ, ಗಟ್ಟಿಮುಟ್ಟಾಗಿರುವವರ ರಕ್ತ ತೆಗೆದು ಹುಡುಕಿದರೂ ಇವು ಸಿಗುತ್ತವೆ.

ಹಾಗಾದರೆ ನಮಗೆ ಯಾಕೆ ಏನೂ ಆಗಿಲ್ಲ?

ನಾನು ಓದುವ ಕಾಲದಲ್ಲಿ ಇದಕ್ಕೊಂದು ಸಲೀಸಾದ ಉತ್ತರ ಇತ್ತು: ದೇಹ ತನ್ನದು ಯಾವುದು, ಪರರದ್ದು ಯಾವುದು ಅಂತ ಚಿಕ್ಕಂದಿನಲ್ಲೇ ಕಲಿತುಬಿಡುತ್ತದೆ, ಆಮೇಲೆ ಮರೆಯುವುದಿಲ್ಲ. ಸೈಕಲ್ ಕಲಿತ ಹಾಗೆ. ಪರೀಕ್ಷೆಯಲ್ಲಿ ಇದನ್ನೇ ಬರೆದು ಒಳ್ಳೆ ಅಂಕ ತೆಗೆದುಕೊಂಡವನು ನಾನು. ಈಗ ನೋಡಿದರೆ ಅದು ಅರ್ಧ ಉತ್ತರ. ದೇಹ ತನ್ನ ಮೇಲೆ ತಾನೇ ಬೀಳದೆ ಇರುವುದು ಒಮ್ಮೆ ಕಲಿತು ಮುಗಿಸಿದ ಪಾಠ ಅಲ್ಲ. ಅದನ್ನು ದಿನವೂ, ಗಂಟೆಗಂಟೆಗೂ ಯಾರೋ ಮಾಡುತ್ತಲೇ ಇರಬೇಕು. ಆ ಯಾರೋ ಅನ್ನುವವರ ಕಥೆ ಇವತ್ತಿನದು.

ಟಿ ಕೋಶದಿಂದ ಶುರು ಮಾಡೋಣ. ಇದು ಬಿಳಿ ರಕ್ತಕಣಗಳಲ್ಲೇ ಒಂದು ಜಾತಿ. ಪ್ರತಿ ಟಿ ಕೋಶದ ಮೈಮೇಲೂ ಒಂದು ರಿಸೆಪ್ಟರ್ ಇರುತ್ತದೆ. ಯಾವುದನ್ನು ಗುರುತಿಸಬೇಕು ಅನ್ನುವುದನ್ನು ಅದು ನಿರ್ಧರಿಸುತ್ತದೆ. ಈ ರಿಸೆಪ್ಟರನ್ನು ದೇಹ ತಯಾರಿಸುವ ರೀತಿ ವಿಚಿತ್ರ. ಜೀನಿನ ತುಂಡುಗಳನ್ನು ಹೆಚ್ಚುಕಮ್ಮಿ ಕಣ್ಣು ಮುಚ್ಚಿಕೊಂಡು ಜೋಡಿಸುತ್ತದೆ. ನಡುವೆ ಒಂದಷ್ಟು ಡಿಎನ್ಎ ಅಕ್ಷರ ಸೇರಿಸುತ್ತದೆ, ಒಂದಷ್ಟು ಕತ್ತರಿಸುತ್ತದೆ. ಹೀಗೆ ಕೋಟಿಗಟ್ಟಲೆ ಬೇರೆ ಬೇರೆ ರಿಸೆಪ್ಟರ್ ಹುಟ್ಟುತ್ತವೆ. ಯಾಕೆ ಹೀಗೆ ಅಂದರೆ, ನಾಳೆ ಯಾವ ವೈರಸ್ ಬರುತ್ತದೆ ಅಂತ ದೇಹಕ್ಕೆ ಗೊತ್ತಿಲ್ಲ. ಎಲ್ಲ ಬೀಗಕ್ಕೂ ಒಂದೊಂದು ಕೀಲಿಕೈ ಮೊದಲೇ ಮಾಡಿಟ್ಟುಕೊಂಡರೆ, ಅದರಲ್ಲಿ ಕೆಲವು ನಮ್ಮ ಮನೆಯ ಬೀಗಕ್ಕೂ ಹೊಂದಿಬಿಡುತ್ತವೆ, ಅಲ್ವಾ?

ಅಂಥ ಕೀಲಿಕೈಗಳನ್ನು ಮುರಿದು ಹಾಕುವ ಜಾಗ ಥೈಮಸ್ ಗ್ರಂಥಿ. ಎದೆಮೂಳೆಯ ಹಿಂದೆ, ಹೃದಯಕ್ಕೆ ತುಸು ಮೇಲೆ ಇರುತ್ತದೆ. ಟಿ ಕೋಶಗಳು ಬೆಳೆಯುವುದು ಇಲ್ಲೇ. ಇಲ್ಲಿ ಒಂದು ಸೊಗಸಾದ ಏರ್ಪಾಡಿದೆ. ಥೈಮಸ್‌ನ ಕೆಲವು ಕೋಶಗಳು ಏರ್ ಅನ್ನುವ ಜೀನಿನ ಸಹಾಯದಿಂದ ದೇಹದ ಬೇರೆ ಬೇರೆ ಅಂಗಗಳ ಪ್ರೋಟೀನುಗಳನ್ನು ಚೂರುಚೂರು ತಯಾರಿಸಿ ತೋರಿಸುತ್ತವೆ. ರಕ್ತದ ಸಕ್ಕರೆಗೂ ಥೈಮಸ್‌ಗೂ ಯಾವ ಸಂಬಂಧವೂ ಇಲ್ಲ. ಆದರೂ ಅಲ್ಲಿ ಇನ್ಸುಲಿನ್ ತಯಾರಾಗುತ್ತದೆ, ಬರೀ ಪರೀಕ್ಷೆಗಾಗಿ. ಎಳೆಯ ಟಿ ಕೋಶ ಬಂದು ಆ ಚೂರನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಅದರ ಕಥೆ ಅಲ್ಲಿಗೇ ಮುಗಿಯಿತು. ಉಪಯೋಗಕ್ಕೆ ಬಾರದ ರಿಸೆಪ್ಟರ್ ಇರುವ ಕೋಶಗಳೂ ಇಲ್ಲೇ ಸಾಯುತ್ತವೆ. ಥೈಮಸ್‌ನಲ್ಲಿ ಬೆಳೆಯಲು ಶುರು ಮಾಡಿದ ಕೋಶಗಳಲ್ಲಿ ನೂರಕ್ಕೆ ಐದು ಕೂಡ ಹೊರಗೆ ಬರುವುದಿಲ್ಲ.

ಇಷ್ಟು ಕಟ್ಟುನಿಟ್ಟು ಇದ್ದರೂ ಜರಡಿಯಲ್ಲಿ ತೂತು ಉಳಿಯುತ್ತದೆ. ಮೊದಲು ಹೇಳಿದೆನಲ್ಲ, ನಮ್ಮೆಲ್ಲರ ರಕ್ತದಲ್ಲಿ ಓಡಾಡುವ ಆ ಕೋಶಗಳು, ಅವು ಹೀಗೆ ನುಸುಳಿ ಬಂದವು.

ಈಗ ಇಲಿಗಳ ಕಡೆ ಹೋಗೋಣ. 1969ರಲ್ಲಿ ಜಪಾನಿನ ನಿಶಿಝುಕಾ ಮತ್ತು ಸಕಾಕುರಾ ಇಲಿಮರಿಗಳ ಥೈಮಸ್ ತೆಗೆದು ನೋಡಿದರು. ಹುಟ್ಟಿದ ಮೂರನೇ ದಿನ ತೆಗೆದರೆ, ಆ ಮರಿಗಳು ದೊಡ್ಡವಾದಾಗ ಅಂಡಾಶಯ ಹಾಳಾಗಿರುತ್ತಿತ್ತು. ಒಂದು ವಾರ ತಡೆದು ತೆಗೆದರೆ ಹಾಗೆ ಆಗುತ್ತಿರಲಿಲ್ಲ. ಥೈಮಸ್‌ಗೂ ಅಂಡಾಶಯಕ್ಕೂ ಏನು ನಂಟು? ಮೊದಲು ಎಲ್ಲರೂ ಹಾರ್ಮೋನ್ ಇರಬೇಕು ಅಂದುಕೊಂಡರು. ಆಮೇಲೆ ಗೊತ್ತಾಯಿತು, ಇಲಿಯ ರೋಗನಿರೋಧಕ ವ್ಯವಸ್ಥೆಯೇ ಅಂಡಾಶಯವನ್ನು ತಿಂದುಹಾಕುತ್ತಿತ್ತು.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಟಿ ಕೋಶಗಳ ಕಾರ್ಖಾನೆಯನ್ನೇ ಕಿತ್ತು ಹಾಕಿದರೆ ದಾಳಿ ಕಡಿಮೆಯಾಗಬೇಕಿತ್ತು. ಜಾಸ್ತಿಯಾಯಿತು! ಅಂದರೆ ಮೂರನೇ ದಿನದ ಹೊತ್ತಿಗೆ ದಾಳಿ ಮಾಡುವ ಕೋಶಗಳು ಆಗಲೇ ಹೊರಗೆ ಬಂದಿವೆ. ಅವನ್ನು ತಡೆಯುವ ಯಾವುದೋ ಇನ್ನೊಂದು ಬಳಗ ಇನ್ನೂ ಒಳಗೇ ಇದೆ. ಕಾರ್ಖಾನೆ ಮುಚ್ಚಿದಾಗ ಆ ಬಳಗ ಹೊರಬರಲೇ ಇಲ್ಲ.

ಈ ಒಗಟು ಶಿಮೊನ್ ಸಕಾಗುಚಿ ಎಂಬ ಹುಡುಗನಿಗೆ ಹಿಡಿಸಿತು. ಕ್ಯೋಟೊದಲ್ಲಿ ಮಾಡುತ್ತಿದ್ದ ಓದನ್ನು ಬಿಟ್ಟು, ಈ ಇಲಿಗಳಿದ್ದ ಐಚಿಯ ಕ್ಯಾನ್ಸರ್ ಸಂಶೋಧನಾ ಕೇಂದ್ರಕ್ಕೇ ಹೋಗಿ ಸೇರಿಕೊಂಡರು. 1980ರ ದಶಕದ ಆರಂಭದಲ್ಲಿ ಅವರು ಮಾಡಿದ್ದು ಸರಳ ಕೆಲಸ. ಆರೋಗ್ಯವಂತ ದೊಡ್ಡ ಇಲಿಯಿಂದ ಟಿ ಕೋಶ ತೆಗೆದು, ಥೈಮಸ್ ಕಳೆದುಕೊಂಡ ಮರಿಗೆ ಕೊಟ್ಟರು. ಮರಿಗೆ ಕಾಯಿಲೆ ಬರಲಿಲ್ಲ. ತಡೆಯುವ ಬಳಗ ಇರುವುದು ನಿಜ, ಅದೂ ಟಿ ಕೋಶಗಳ ಒಳಗೇ ಇದೆ. ಆದರೆ ಯಾವುದು?

ದುರದೃಷ್ಟಕ್ಕೆ, ಆ ಹೊತ್ತಿನಲ್ಲಿ ಇಂಥ ಮಾತು ಆಡುವುದೇ ಕಷ್ಟವಾಗಿತ್ತು. 1970ರ ದಶಕದಲ್ಲಿ ‘ಸಪ್ರೆಸರ್ ಟಿ ಕೋಶ’ ಅಂತ ಒಂದು ದೊಡ್ಡ ಅಬ್ಬರ ಎದ್ದಿತ್ತು. ಅದರ ಮೇಲೆ ನೂರಾರು ಲೇಖನ ಬಂದಿದ್ದವು. ಅವುಗಳ ಗುರುತು ಹಿಡಿಯುವ ಒಂದು ಅಣುವಿದೆ, ಅದರ ಜೀನ್ ಇಂಥ ಜಾಗದಲ್ಲಿದೆ ಅಂತ ಹೇಳಲಾಗಿತ್ತು. 1980ರ ದಶಕದಲ್ಲಿ ಡಿಎನ್ಎ ಓದುವ ತಂತ್ರ ಬಂದು ಆ ಜಾಗವನ್ನು ಬಿಡಿಸಿ ನೋಡಿದರೆ ಅಲ್ಲಿ ಅಂಥ ಜೀನೇ ಇರಲಿಲ್ಲ. ಇಡೀ ಕ್ಷೇತ್ರ ತಲೆತಗ್ಗಿಸಿತು. ನೆಗಡಿಯಾಯಿತು ಅಂತ ಮೂಗೇ ಕೊಯ್ದುಕೊಂಡ ಹಾಗೆ, ತಡೆಯುವ ಕೋಶ ಎನ್ನುವ ಯೋಚನೆಯನ್ನೇ ಕೈಬಿಟ್ಟರು. ಆ ಪದ ಹಾಕಿ ಅರ್ಜಿ ಬರೆದರೆ ಸಂಶೋಧನೆಗೆ ದುಡ್ಡು ಹುಟ್ಟುವುದೇ ಕಷ್ಟವಾಗಿತ್ತು.

ಸಕಾಗುಚಿ ಬಿಡಲಿಲ್ಲ. ಕೋಶಗಳ ಮೈಮೇಲಿನ ಪ್ರೋಟೀನುಗಳನ್ನು ಒಂದೊಂದಾಗಿ ನೋಡುತ್ತ ಹೋದರು. 1995ರಲ್ಲಿ ಸಿಕ್ಕಿತು: ಸಿಡಿ25. ಸಿಡಿ4 ಎನ್ನುವ ಗುಂಪಿನ ಟಿ ಕೋಶಗಳಲ್ಲಿ ನೂರಕ್ಕೆ ಐದರಿಂದ ಹತ್ತು ಕೋಶಗಳ ಮೇಲೆ ಮಾತ್ರ ಇದು ಇರುತ್ತದೆ. ಈ ಚಿಕ್ಕ ಪಾಲನ್ನು ಆರಿಸಿ ತೆಗೆದು, ಉಳಿದದ್ದನ್ನು ಟಿ ಕೋಶಗಳೇ ಇಲ್ಲದ ಇಲಿಗೆ ಕೊಟ್ಟರು. ಹೊಟ್ಟೆಗೆ, ಥೈರಾಯ್ಡ್‌ಗೆ, ಇನ್ನೂ ಹಲವು ಅಂಗಗಳಿಗೆ ಏಟು ಬಿತ್ತು. ತೆಗೆದಿಟ್ಟ ಪಾಲನ್ನೂ ಜೊತೆಗೆ ಕೊಟ್ಟಾಗ ಏನೂ ಆಗಲಿಲ್ಲ. ಈ ಕೋಶಗಳಿಗೆ ರೆಗ್ಯುಲೇಟರಿ ಟಿ ಕೋಶ ಅಂತ ಹೆಸರಾಯಿತು. ‘ಸಪ್ರೆಸರ್’ ಅನ್ನುವ ಪದ ಕೆಟ್ಟುಹೋಗಿತ್ತಲ್ಲ! ಚುಟುಕಾಗಿ ಟಿ-ರೆಗ್ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ.

ಇದೇ ಕಥೆಯ ಇನ್ನೊಂದು ತುದಿ ಅಮೆರಿಕದಲ್ಲಿದೆ. ಟೆನೆಸ್ಸಿಯ ಓಕ್ ರಿಜ್‌ನಲ್ಲಿ ವಿಕಿರಣದ ಪರಿಣಾಮ ನೋಡಲು ಇಲಿ ಸಾಕಿದ್ದರು. 1940ರ ದಶಕದ ಕೊನೆಗೆ ಅಲ್ಲಿ ಕೆಲವು ಗಂಡು ಮರಿಗಳು ಒಂದು ಥರ ಹುಟ್ಟತೊಡಗಿದವು. ಚರ್ಮ ಹೊಟ್ಟೆದ್ದ ಹಾಗೆ ಸುಲಿಯುತ್ತಿತ್ತು. ಗುಲ್ಮ ಊದಿಕೊಳ್ಳುತ್ತಿತ್ತು. ಮೂರ್ನಾಲ್ಕು ವಾರದಲ್ಲಿ ಸತ್ತುಹೋಗುತ್ತಿದ್ದವು. ವಿಕಿರಣದಿಂದ ಆದದ್ದಲ್ಲ, ತಾನಾಗೇ ಆದ ಜೀನಿನ ತಪ್ಪು ಇದು. ಸ್ಕರ್ಫಿ ಅಂತ ಹೆಸರಿಟ್ಟರು. ಗಂಡುಗಳಿಗೇ ಬರುತ್ತಿದ್ದುದರಿಂದ ತಪ್ಪು ಎಕ್ಸ್ ಕ್ರೋಮೋಸೋಮಿನಲ್ಲಿದೆ ಅಂತ ಬೇಗ ತಿಳಿಯಿತು. ಎಲ್ಲಿ ಅಂತ ತಿಳಿಯಲು ಐವತ್ತು ವರ್ಷ ಹಿಡಿಯಿತು.

ಹುಡುಕಿದವರು ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್, ವಾಷಿಂಗ್ಟನ್ ರಾಜ್ಯದ ಒಂದು ಔಷಧ ಕಂಪನಿಯಲ್ಲಿದ್ದವರು. ಎಕ್ಸ್ ಕ್ರೋಮೋಸೋಮಿನ ಉದ್ದ ಸುಮಾರು 17 ಕೋಟಿ ಅಕ್ಷರ. ಅದನ್ನು ಜರಡಿ ಹಿಡಿದು ಹಿಡಿದು ಸುಮಾರು 5 ಲಕ್ಷ ಅಕ್ಷರಗಳ ತುಂಡಿಗೆ ತಂದರು. ಅಲ್ಲಿದ್ದವು 20 ಜೀನುಗಳು. ಒಂದೊಂದನ್ನೇ ಆರೋಗ್ಯವಂತ ಇಲಿಯದರ ಜೊತೆ ಹೋಲಿಸುತ್ತ ಹೋದರು. ಹತ್ತೊಂಬತ್ತು ಸರಿ ಇದ್ದವು. ಇಪ್ಪತ್ತನೆಯದರಲ್ಲಿ ಎರಡೇ ಎರಡು ಅಕ್ಷರ ಹೆಚ್ಚಿಗೆ ಸೇರಿಕೊಂಡಿದ್ದವು. ಜೀನನ್ನು ಮೂರು ಮೂರು ಅಕ್ಷರವಾಗಿ ಓದುತ್ತಾರೆ. ನಡುವೆ ಎರಡು ಅಕ್ಷರ ತುರುಕಿದರೆ ಅಲ್ಲಿಂದ ಮುಂದೆ ಎಲ್ಲ ಅಧ್ವಾನ. ಆ ಜೀನಿಗೆ ಫಾಕ್ಸ್‌ಪಿ3 ಎಂದು ಹೆಸರಿಟ್ಟರು. ಅದು 2001. ಅದೇ ವರ್ಷ, ಗಂಡು ಮಕ್ಕಳಿಗೆ ಬರುವ ಐಪೆಕ್ಸ್ ಎಂಬ ಅಪರೂಪದ ಕಾಯಿಲೆಗೂ ಇದೇ ಜೀನಿನ ತಪ್ಪು ಕಾರಣ ಅಂತ ಖಚಿತವಾಯಿತು.

2003ರಲ್ಲಿ ಎರಡು ತುದಿ ಕೂಡಿದವು. ಟಿ-ರೆಗ್ ಅನ್ನು ಟಿ-ರೆಗ್ ಮಾಡುವುದೇ ಫಾಕ್ಸ್‌ಪಿ3 ಅಂತ ಸಕಾಗುಚಿ ಸೇರಿದಂತೆ ಮೂರು ತಂಡಗಳು ತೋರಿಸಿದವು. ಮಾಮೂಲಿ ಟಿ ಕೋಶದಲ್ಲಿ ಈ ಜೀನನ್ನು ಚಾಲೂ ಮಾಡಿದರೆ ಅದೂ ತಡೆಯುವ ಕೆಲಸಕ್ಕೆ ನಿಲ್ಲುತ್ತದೆ. ಬ್ರಂಕೋ, ರಾಮ್ಸ್‌ಡೆಲ್ ಮತ್ತು ಸಕಾಗುಚಿಗೆ 2025ರ ವೈದ್ಯಕೀಯ ನೊಬೆಲ್ ಬಂತು. ಸುದ್ದಿ ಬಂದಾಗ ರಾಮ್ಸ್‌ಡೆಲ್ ಫೋನು ಮುಟ್ಟದೆ ಬೆಟ್ಟಗಾಡಿನಲ್ಲಿ ತಿರುಗುತ್ತಿದ್ದರು. ಬ್ರಂಕೋ ಅವರಂತೂ ಸ್ವೀಡನ್ನಿನ ನಂಬರ್ ನೋಡಿ ಯಾವುದೋ ಮೋಸದ ಕರೆ ಅಂದುಕೊಂಡು ಸುಮ್ಮನಾಗಿದ್ದರು. ಇರಲಿ, ಅದು ಬೇರೆ ಮಾತು.

ಟಿ-ರೆಗ್ ತಡೆಯುತ್ತದೆ ಅಂದೆ. ಹೇಗೆ? ಪೊಲೀಸ್ ಥರ ಅಂತ ಎಲ್ಲ ಕಡೆ ಬರೆಯುತ್ತಾರೆ. ನನಗೆ ಆ ಹೋಲಿಕೆ ಇಷ್ಟವಿಲ್ಲ. ಇವು ಹಿಡಿದು ಬಡಿಯುವ ಕೆಲಸ ಮಾಡುವುದು ಅಪರೂಪ. ಜಗಳ ಕಾವೇರದ ಹಾಗೆ ನೋಡಿಕೊಳ್ಳುವುದೇ ಇವುಗಳ ಮುಖ್ಯ ಉಪಾಯ. ಹತ್ತಾರು ದಾರಿಗಳಿವೆ. ಐಎಲ್-10ರಂಥ ತಣಿಸುವ ರಾಸಾಯನಿಕಗಳನ್ನು ಸುರಿಸುವುದೂ ಅದರಲ್ಲಿ ಒಂದು. ನಾನು ಎರಡನ್ನು ಮಾತ್ರ ಹತ್ತಿರದಿಂದ ತೋರಿಸುತ್ತೇನೆ.

ಜ್ವರ ಬಂದಾಗ ಕತ್ತಿನ ಪಕ್ಕ ಊದಿ ಕೈಗೆ ಸಿಗುವ ಗಂಟುಗಳಿವೆಯಲ್ಲ, ದುಗ್ಧಗ್ರಂಥಿಗಳು, ಅದರ ಒಳಗೆ ಹೋಗಿ. ಅಲ್ಲಿ ಡೆಂಡ್ರಿಟಿಕ್ ಕೋಶ ಅನ್ನುವುದೊಂದು ಕೂತಿರುತ್ತದೆ. ಮೈತುಂಬ ಕೊಂಬೆ ಚಾಚಿಕೊಂಡಿರುತ್ತದೆ. ಅಂಗಗಳಿಂದ ಹೆಕ್ಕಿ ತಂದ ಪ್ರೋಟೀನಿನ ಚೂರುಗಳನ್ನು ಟಿ ಕೋಶಗಳಿಗೆ ತೋರಿಸುತ್ತದೆ. ಆದರೆ ಚೂರು ನೋಡಿದ ಮಾತ್ರಕ್ಕೆ ಟಿ ಕೋಶ ಎದ್ದು ಹೊರಡುವುದಿಲ್ಲ. ‘ಹೌದು, ಹೊರಡು’ ಅಂತ ಎರಡನೆಯ ಸನ್ನೆಯೂ ಬೇಕು. ಆ ಸನ್ನೆ ಕೊಡುವುದು ಡೆಂಡ್ರಿಟಿಕ್ ಕೋಶದ ಮೈಮೇಲಿನ ಸಿಡಿ80, ಸಿಡಿ86 ಎಂಬ ಪ್ರೋಟೀನುಗಳು. ಟಿ-ರೆಗ್ ಮೈಮೇಲೆ ಸಿಟಿಎಲ್‌ಎ-4 ಅನ್ನುವ ಹಿಡಿಕೆ ಇದೆ. ಅದು ಹೋಗಿ ಡೆಂಡ್ರಿಟಿಕ್ ಕೋಶಕ್ಕೆ ಅಂಟಿಕೊಂಡು, ಈ ಎರಡನ್ನೂ ಕಿತ್ತು ತನ್ನೊಳಗೆ ಎಳೆದುಕೊಂಡು ಅರಗಿಸಿಬಿಡುತ್ತದೆ. ಇದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದಾರೆ. ಎದುರು ಕೋಶದ ಹೊಳೆಯುವ ಪ್ರೋಟೀನ್ ಚುಕ್ಕಿಗಳು ಈ ಕೋಶದ ಹೊಟ್ಟೆಯಲ್ಲಿ ಕಾಣಿಸುತ್ತವೆ. ಆಮೇಲೆ ದಾಳಿ ಮಾಡಬಲ್ಲ ಟಿ ಕೋಶ ಬಂದರೆ ಚೂರು ಕಾಣುತ್ತದೆ, ಸನ್ನೆ ಸಿಗುವುದಿಲ್ಲ. ಸುಮ್ನೆ ಮುಂದೆ ಹೋಗುತ್ತದೆ.

ಎರಡನೆಯದು ಐಎಲ್-2. ಟಿ ಕೋಶಗಳು ಬೆಳೆದು ಎರಡಾಗಲು ಬೇಕಾದ ರಾಸಾಯನಿಕ ಇದು. 1990ರ ದಶಕದ ಆರಂಭದಲ್ಲಿ ಐಎಲ್-2 ಜೀನನ್ನೇ ತೆಗೆದ ಇಲಿಗಳನ್ನು ಮಾಡಿದರು. ಊಟವಿಲ್ಲದೆ ಟಿ ಕೋಶಗಳು ಸೊರಗಿ, ಇಲಿಗೆ ಸೋಂಕು ತಡೆಯಲು ಆಗುವುದಿಲ್ಲ ಅಂತ ಎಲ್ಲರ ಲೆಕ್ಕ. ಆದದ್ದು ಪೂರಾ ಉಲ್ಟಾ. ಟಿ ಕೋಶಗಳು ಉಕ್ಕಿ ಹರಿದವು, ಕರುಳು ಉರಿದು ಹೋಯಿತು. ಯಾಕೆ ಅಂತ ಟಿ-ರೆಗ್ ಸಿಗುವ ತನಕ ಯಾರಿಗೂ ಹೊಳೆಯಲಿಲ್ಲ. ಸಿಡಿ25 ಅಂದೆನಲ್ಲ, ಅದು ಐಎಲ್-2 ಹಿಡಿಯುವ ರಿಸೆಪ್ಟರಿನ ಒಂದು ಭಾಗ. ಟಿ-ರೆಗ್‌ಗಳ ಮೇಲೆ ಅದು ಯಾವಾಗಲೂ ದಂಡಿಯಾಗಿರುತ್ತದೆ. ಆದರೆ ಅವಕ್ಕೆ ಸ್ವಂತವಾಗಿ ಐಎಲ್-2 ತಯಾರಿಸಲು ಬರುವುದಿಲ್ಲ. ಫಾಕ್ಸ್‌ಪಿ3 ಅದನ್ನು ಮುಚ್ಚಿಬಿಟ್ಟಿದೆ. ಹಾಗಾಗಿ ಟಿ-ರೆಗ್ ಬದುಕುವುದೇ ಬೇರೆ ಟಿ ಕೋಶಗಳು ಸುರಿಸುವ ಐಎಲ್-2 ಕುಡಿದು. ಎಲ್ಲೋ ಒಂದು ಟಿ ಕೋಶ ಕೆರಳಿತು ಅನ್ನಿ. ಅದು ಐಎಲ್-2 ಸುರಿಸುತ್ತದೆ. ಪಕ್ಕದಲ್ಲಿರುವ ಟಿ-ರೆಗ್ ಅದನ್ನು ಹೀರಿ ದಪ್ಪವಾಗುತ್ತದೆ, ಹೆಚ್ಚುತ್ತದೆ. ಕೆರಳಿದ ಕೋಶಕ್ಕೆ ತನ್ನದೇ ಊಟ ಸಿಗುವುದಿಲ್ಲ. ಕೆರಳಿದಷ್ಟೂ ತಡೆಯುವವರನ್ನು ತಾನೇ ಸಾಕಿದ ಹಾಗೆ! ನಿಜವಾದ ಸೋಂಕು ಬಂದಾಗ ಕೆರಳುವ ಕೋಶಗಳ ಸಂಖ್ಯೆಯೂ ಸನ್ನೆಯೂ ಎಷ್ಟು ಜಾಸ್ತಿ ಇರುತ್ತದೆ ಅಂದರೆ ಈ ತಡೆ ಮೀರಿ ದಾಳಿ ನಡೆಯುತ್ತದೆ. ನಡೆಯಲೇಬೇಕು ಕೂಡ.

ಇನ್ನೊಂದು ಸ್ವಾರಸ್ಯ. ಟಿ-ರೆಗ್‌ಗಳಲ್ಲಿ ಬಹುಪಾಲು ಥೈಮಸ್‌ನಲ್ಲೇ ಹುಟ್ಟುತ್ತವೆ. ಯಾವುವು ಟಿ-ರೆಗ್ ಆಗುತ್ತವೆ ಗೊತ್ತಾ? ಸ್ವಂತ ದೇಹದ ಚೂರನ್ನು ಸ್ವಲ್ಪ ಗಟ್ಟಿಯಾಗಿಯೇ ಹಿಡಿದವು, ಆದರೆ ಸಾಯುವಷ್ಟು ಗಟ್ಟಿಯಾಗಿ ಅಲ್ಲ. ಅಂದರೆ ಒಂದು ಗೆರೆ ಆಚೀಚೆಯಾಗಿದ್ದರೆ ನಮ್ಮ ಮೇಲೇ ಬೀಳಬಹುದಾಗಿದ್ದ ಕೋಶಗಳೇ ನಮ್ಮನ್ನು ಕಾಯುತ್ತಿವೆ. ಉಳಿದ ಕೆಲವು ಹೊರಗೆ, ಮುಖ್ಯವಾಗಿ ಕರುಳಿನಲ್ಲಿ ತಯಾರಾಗುತ್ತವೆ. ಅಲ್ಲಿಯ ಬ್ಯಾಕ್ಟೀರಿಯಾಗಳು ನಾರನ್ನು ಹುಳಿಸಿ ಬಿಡುವ ಬ್ಯುಟಿರೇಟ್ ಕೂಡ ಅದಕ್ಕೆ ನೆರವಾಗುತ್ತದೆ.

ಈಗ ಐಪೆಕ್ಸ್ ಮಗುವಿನ ವಿಷಯ. ಹುಟ್ಟಿದ ಕೆಲವೇ ವಾರಗಳಲ್ಲಿ ನಿಲ್ಲದ ಭೇದಿ, ಮೈತುಂಬ ಎಕ್ಸಿಮಾ, ಜೊತೆಗೆ ಟೈಪ್ 1 ಡಯಾಬಿಟಿಸ್. ಹಾಲು ಕುಡಿಯುವ ಮಗುವಿಗೆ ಇನ್ಸುಲಿನ್ ಚುಚ್ಚಬೇಕಾಗುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಹೆಚ್ಚಿನ ಮಕ್ಕಳು ಚಿಕ್ಕಂದಿನಲ್ಲೇ ತೀರಿಕೊಳ್ಳುತ್ತಾರೆ. ಬೇರೆಯವರ ಅಸ್ಥಿಮಜ್ಜೆ ಕೊಟ್ಟರೆ ಹೊಸ ಟಿ-ರೆಗ್ ಹುಟ್ಟಿ ಕಾಯಿಲೆ ಹತೋಟಿಗೆ ಬರುತ್ತದೆ. ಆದರೆ ನಾನು ಹೇಳಬೇಕೆಂದಿರುವುದು ತಾಯಿಯ ಬಗ್ಗೆ. ಆಕೆಯ ಎರಡು ಎಕ್ಸ್‌ಗಳಲ್ಲಿ ಒಂದು ಕೆಟ್ಟದ್ದು. ಹೆಂಗಸರ ಪ್ರತಿ ಕೋಶವೂ ಎರಡರಲ್ಲಿ ಒಂದು ಎಕ್ಸ್ ಅನ್ನು ಮುಚ್ಚಿಡುತ್ತದೆ. ಯಾವುದು ಅನ್ನುವುದು ಚೀಟಿ ಎತ್ತಿದ ಹಾಗೆ. ಹಾಗಾದರೆ ಆಕೆಯ ಅರ್ಧ ಟಿ-ರೆಗ್ ಕೆಟ್ಟಿರಬೇಕಲ್ಲ? ಇಲ್ಲ. ಪರೀಕ್ಷಿಸಿ ನೋಡಿದರೆ ಟಿ-ರೆಗ್‌ಗಳಲ್ಲಿ ಎಲ್ಲೆಲ್ಲೂ ಒಳ್ಳೆಯ ಎಕ್ಸೇ ಚಾಲೂ ಇರುತ್ತದೆ. ಕೆಟ್ಟದ್ದನ್ನು ಇಟ್ಟುಕೊಂಡ ಕೋಶ ಟಿ-ರೆಗ್ ಆಗಿ ನಿಲ್ಲಲಾರದೆ ಹಿಂದೆ ಬೀಳುತ್ತದೆ. ಒಳ್ಳೆಯವು ಜಾಗ ತುಂಬಿಕೊಳ್ಳುತ್ತವೆ. ಆಕೆ ಆರೋಗ್ಯವಾಗಿರುತ್ತಾಳೆ, ತನ್ನೊಳಗೆ ಹೀಗೊಂದು ಪೈಪೋಟಿ ನಡೆದದ್ದು ಗೊತ್ತೂ ಆಗುವುದಿಲ್ಲ.

ಇದು ಹುಟ್ಟಿನಿಂದಲೇ ಬಂದ ತಪ್ಪು ಆಯಿತು. ದೊಡ್ಡವರಾದ ಮೇಲೆ? ಅಷ್ಟು ಹೊತ್ತಿಗೆ ಎಲ್ಲ ಸರಿಹೋಗಿ, ಟಿ-ರೆಗ್ ಇಲ್ಲದೆಯೂ ನಡೆಯಬಹುದಲ್ಲ? 2007ರಲ್ಲಿ ಅಲೆಕ್ಸಾಂಡರ್ ರುಡೆನ್‌ಸ್ಕಿ ಅವರ ತಂಡ ಇದನ್ನು ನೋಡಿತು. ಡಿಫ್ತೀರಿಯಾದ ವಿಷ ಇಲಿಯ ಕೋಶಕ್ಕೆ ಸರಿಯಾಗಿ ಅಂಟುವುದಿಲ್ಲ, ಮನುಷ್ಯರ ಕೋಶಕ್ಕೆ ಅಂಟುತ್ತದೆ. ಹಾಗಾಗಿ ಮನುಷ್ಯರ ಆ ರಿಸೆಪ್ಟರನ್ನು ಇಲಿಯ ಟಿ-ರೆಗ್‌ಗಳಲ್ಲಿ ಮಾತ್ರ ಇಟ್ಟರು. ಇಲಿ ಆರಾಮಾಗಿ ಬೆಳೆದು ದೊಡ್ಡದಾಯಿತು. ಆಮೇಲೆ ವಿಷ ಚುಚ್ಚಿದರು. ಟಿ-ರೆಗ್ ಮಾತ್ರ ಸತ್ತವು, ಬೇರೆ ಏನೂ ಬದಲಾಗಲಿಲ್ಲ. ಎರಡು ಮೂರು ವಾರದಲ್ಲಿ ಇಲಿಗಳು ಸತ್ತವು. ಜೀವಮಾನವಿಡೀ ಆರೋಗ್ಯವಾಗಿದ್ದ ಪ್ರಾಣಿ ಅದು. ಶುರುವಿನಲ್ಲಿ ಸೈಕಲ್ ಅಂದೆನಲ್ಲ, ಆ ಪಾಠವನ್ನು ನಾನು ಕೈಬಿಟ್ಟದ್ದು ಈ ಪ್ರಯೋಗ ಓದಿದ ಮೇಲೆ.

ದೇಹ ತನ್ನ ಮೇಲೆ ತಾನೇ ಬೀಳುವ, ಸಾಮಾನ್ಯವಾಗಿ ಕಾಣುವ ಆಟೋಇಮ್ಯೂನ್ ಕಾಯಿಲೆಗಳು, ಅಂದರೆ ರುಮಟಾಯ್ಡ್ ಸಂಧಿವಾತ, ಲೂಪಸ್, ಟೈಪ್ 1 ಡಯಾಬಿಟಿಸ್, ಮಲ್ಟಿಪಲ್ ಸ್ಕ್ಲೆರೋಸಿಸ್, ಇಷ್ಟು ನೇರ ಅಲ್ಲ. ಬೇಲಿಯೇ ಎದ್ದು ಹೊಲ ಮೇಯಿತು ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ. ಎಷ್ಟೋ ರೋಗಿಗಳಲ್ಲಿ ಟಿ-ರೆಗ್ ಸಂಖ್ಯೆ ಸರಿಯಾಗಿಯೇ ಇರುತ್ತದೆ. ಕೆಲವರಲ್ಲಿ ಅವು ಕೆಲಸದಲ್ಲಿ ಮಂಕು. ಕೆಲವರಲ್ಲಿ ದಾಳಿಯ ಕೋಶಗಳು ಎಷ್ಟು ಹಟ ಹಿಡಿದಿರುತ್ತವೆ ಅಂದರೆ ಟಿ-ರೆಗ್ ಮಾತು ಕೇಳುವುದಿಲ್ಲ. ಐಎಲ್-2 ರಿಸೆಪ್ಟರ್, ಸಿಟಿಎಲ್‌ಎ-4 ಇವುಗಳ ಜೀನಿನಲ್ಲಿ ಸಣ್ಣ ವ್ಯತ್ಯಾಸ ಇದ್ದರೂ ಕಾಯಿಲೆಯ ಸಂಭವ ಒಂದಿಷ್ಟು ಏರುತ್ತದೆ.

ಹಾಗಾದರೆ ಟಿ-ರೆಗ್ ಹೆಚ್ಚಿಸುವ ಔಷಧ ಕೊಟ್ಟರಾಯಿತು ಅನ್ನಿಸುತ್ತದೆ. 2006ರಲ್ಲಿ ಲಂಡನ್ನಿನಲ್ಲಿ ಇದನ್ನೇ ಮಾಡಹೊರಟಿದ್ದರು. ಟಿಜಿಎನ್1412 ಎಂಬ ಔಷಧ. ಇಲಿ ಜಾತಿಯ ಪ್ರಾಣಿಗಳಲ್ಲಿ ಟಿ-ರೆಗ್ ಚೆನ್ನಾಗಿ ಹೆಚ್ಚಿತ್ತು. ಪ್ರಾಣಿಗಳಿಗೆ ಏನೂ ಆಗದ ಪ್ರಮಾಣದ ಐನೂರರಲ್ಲಿ ಒಂದು ಪಾಲನ್ನು ಆರು ಮಂದಿ ಆರೋಗ್ಯವಂತ ಗಂಡಸರಿಗೆ ಕೊಟ್ಟರು. ಒಂದೆರಡು ಗಂಟೆಯೊಳಗೆ ಆರೂ ಜನ ನಡುಗಿ, ವಾಂತಿಯಾಗಿ, ಆಮೇಲೆ ಅಂಗಾಂಗ ಕೈಕೊಟ್ಟು ತೀವ್ರ ನಿಗಾ ಘಟಕ ಸೇರಿದರು. ಪುಣ್ಯಕ್ಕೆ ಎಲ್ಲರೂ ಬದುಕಿದರು. ಆದದ್ದೇನೆಂದರೆ, ಹಿಂದೆ ಕಂಡ ಸೋಂಕುಗಳ ನೆನಪಿಟ್ಟುಕೊಂಡ ಟಿ ಕೋಶಗಳು ಮನುಷ್ಯರಲ್ಲಿ ದಂಡಿಯಾಗಿರುತ್ತವೆ. ಅವೆಲ್ಲ ಒಟ್ಟಿಗೆ ಎದ್ದವು. ಚೊಕ್ಕ ಪಂಜರದಲ್ಲಿ ಬೆಳೆದ ಪ್ರಾಣಿಗಳಲ್ಲಿ ಅಂಥ ಕೋಶ ಕಮ್ಮಿ.

ಅಲ್ಲಿಂದೀಚೆಗೆ ಹೆಜ್ಜೆ ಎಣಿಸಿ ಇಡುತ್ತಿದ್ದಾರೆ. ಐಎಲ್-2 ಅನ್ನು ತೀರಾ ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ, ಹಸಿದು ಕೂತ ಟಿ-ರೆಗ್‌ಗೆ ಮಾತ್ರ ಅದು ಸಿಗುತ್ತದೆ ಅನ್ನುವುದು ಒಂದು ದಾರಿ. ರೋಗಿಯದೇ ಟಿ-ರೆಗ್ ತೆಗೆದು, ಹೊರಗೆ ಬೆಳೆಸಿ, ವಾಪಸ್ ಕೊಡುವುದು ಇನ್ನೊಂದು. ಅಬಟಾಸೆಪ್ಟ್ ಅಂತೂ ಆಗಲೇ ರುಮಟಾಯ್ಡ್ ಸಂಧಿವಾತಕ್ಕೆ ಬಳಕೆಯಲ್ಲಿದೆ. ಅದು ಸಿಟಿಎಲ್‌ಎ-4ರ ತಲೆಭಾಗವನ್ನೇ ಔಷಧ ಮಾಡಿದ್ದು, ಟಿ-ರೆಗ್ ಇಲ್ಲದೆಯೇ ಅದರ ಒಂದು ಕೆಲಸ ಮಾಡುತ್ತದೆ.

ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದರು: “ಇಷ್ಟು ಒಳ್ಳೆಯ ಕೋಶಗಳಾದರೆ ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ವಾ ಸರ್?” ಅಲ್ಲ. ಕ್ಯಾನ್ಸರ್ ಗಡ್ಡೆಗಳು ಟಿ-ರೆಗ್‌ಗಳನ್ನು ತಮ್ಮ ಸುತ್ತ ಕರೆದು ಕೂರಿಸಿಕೊಳ್ಳುತ್ತವೆ, ಯಾರೂ ತಮ್ಮ ಮೈಮುಟ್ಟದ ಹಾಗೆ. ಸಿಟಿಎಲ್‌ಎ-4 ಅನ್ನು ಕಟ್ಟಿಹಾಕುವ ಕ್ಯಾನ್ಸರ್ ಔಷಧ ಇದೆ. ಅದರ ಹಿಂದಿನ ಕೆಲಸಕ್ಕಾಗಿ ಜೇಮ್ಸ್ ಆಲಿಸನ್ 2018ರಲ್ಲಿ ನೊಬೆಲ್ ಹಂಚಿಕೊಂಡರು. ಆ ಔಷಧ ತೆಗೆದುಕೊಂಡವರಲ್ಲಿ ಕೆಲವರಿಗೆ ಕರುಳಿನ ಉರಿಯೂತ, ಥೈರಾಯ್ಡ್ ತೊಂದರೆ ಬರುತ್ತದೆ. ಯಾಕೆ ಅಂತ ಈಗ ನೀವೇ ಹೇಳಬಲ್ಲಿರಿ.

ಇನ್ನೊಬ್ಬರು, ಬಹುಶಃ ಸ್ವಂತ ಕಾರಣಕ್ಕೇ ಇರಬೇಕು, ಮೆಲ್ಲಗೆ ಕೇಳಿದರು: “ರಕ್ತಪರೀಕ್ಷೆ ಮಾಡಿಸಿ ನಮ್ಮ ಟಿ-ರೆಗ್ ಎಷ್ಟಿದೆ ಅಂತ ತಿಳಿಯಬಹುದಾ?” ಎಣಿಸಬಹುದು. ಆದರೆ ಅದರಿಂದ ನಿಮಗೆ ಹೇಳುವಂಥದ್ದು ಕಡಿಮೆ. ಮನುಷ್ಯರಲ್ಲಿ ಮಾಮೂಲಿ ಟಿ ಕೋಶ ಕೆರಳಿದಾಗಲೂ ಸ್ವಲ್ಪ ಹೊತ್ತು ಫಾಕ್ಸ್‌ಪಿ3 ತೋರಿಸುತ್ತದೆ, ಸಿಡಿ25 ಕೂಡ. ಹಾಗಾಗಿ ತಡೆಯುವವರೂ ಕೆರಳಿದವರೂ ಲೆಕ್ಕದಲ್ಲಿ ಬೆರೆತುಹೋಗಬಹುದು. ಎಣಿಕೆ ಸರಿಯಾಗಿಯೇ ಬಂತು ಅನ್ನಿ. ಆಗಲೂ ಸೂಜಿಗೆ ಸಿಕ್ಕಿದ್ದು ರಸ್ತೆಯಲ್ಲಿ ಓಡಾಡುತ್ತಿದ್ದ ಕೋಶಗಳು ಮಾತ್ರ. ಕೆಲಸಕ್ಕೆ ಕೂತವು ಅಷ್ಟು ಹೊತ್ತಿಗೆ ಕರುಳಿನ ಗೋಡೆಯಲ್ಲೋ, ಕತ್ತಿನ ಗಂಟಿನಲ್ಲೋ ಯಾವುದೋ ಡೆಂಡ್ರಿಟಿಕ್ ಕೋಶಕ್ಕೆ ಅಂಟಿಕೊಂಡಿರುತ್ತವೆ.